ಸುಡಬೇಕೇ, ಕಾಪಿಡಬೇಕೇ?

ಮನೆಯ ಹಿರಿಯರೊಬ್ಬರು ತೀರಿಹೋಗಿ, ತಿಂಗಳ ಪೂಜೆಯೂ ಮುಗಿದು, ನೆಂಟರಿಷ್ಟರು ತಮ್ಮ ತಮ್ಮ ಊರುಗಳಿಗೆ ಮರಳಿದ ಮೇಲೆ ಮನೆಯವರಿಗೆ ಒಂದು ಕೆಲಸ ಉಳಿದಿರುತ್ತದೆ. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಕೆಳಗಿಳಿಸಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಮಳೆಗಾಲ ಹತ್ತಿರವಾದಂತೆ, ಒರಲೆ ಹಿಡಿದೀತೆಂಬ ನೆಪದಲ್ಲಿ, ಒಂದು ಮಧ್ಯಾಹ್ನ ಅದು ನಡೆದುಹೋಗುತ್ತದೆ.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಿದ್ಧಕಟ್ಟೆಯ ಒಳಭಾಗದಲ್ಲಿ ನಮ್ಮ ಮನೆ. ತಂದೆಯವರು ತೀರಿಕೊಂಡ ವರ್ಷ ಅಣ್ಣ ಮತ್ತು ನಾನು ಕೂಡಿ ಅವರ ತಗಡಿನ ಪೆಟ್ಟಿಗೆಯನ್ನು ಕೆಳಗಿಳಿಸಿದೆವು. ನಮ್ಮ ಕಡೆಯ ಯಾವ ಕೃಷಿಕನ ಪೆಟ್ಟಿಗೆಯಲ್ಲೂ ಇರುವಂಥ ಕಾಗದಗಳೇ ಅದರಲ್ಲಿದ್ದವು: ಚಾಲಗೇಣಿಯ ಚೀಟಿಗಳು, ತೀರ್ವೆಯ ರಸೀತಿಗಳು, 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಭೂನ್ಯಾಯ ಮಂಡಳಿಗೆ ಸಲ್ಲಿಸಿದ ಏಳನೆಯ ನಮೂನೆಯ ಅರ್ಜಿಯ ನಕಲು, ಹಳೆಯ ಪಡಿತರ ಚೀಟಿ, ಯಾರದೋ ಮದುವೆಯ ಕರೆಯೋಲೆ. ಇವೆಲ್ಲದರ ಅಡಿಯಲ್ಲಿ ಬಾಳೆನಾರಿನಿಂದ ಕಟ್ಟಿದ ಒಂದು ಕಟ್ಟು. ಬಿಚ್ಚಿ ನೋಡಿದರೆ ಮನಿಯಾರ್ಡರಿನ ಕೂಪನುಗಳು. ಮನಿಯಾರ್ಡರ್ ಪದ್ಧತಿಯೇ ಈಗ ಇತಿಹಾಸವಾಗಿದೆ, ಆದುದರಿಂದ ಎಳೆಯರಿಗಾಗಿ ಹೇಳಬೇಕು: ಹಣದ ಜೊತೆ ಬರುತ್ತಿದ್ದ ಫಾರಮಿನ ಕೆಳತುದಿಯನ್ನು ಅಂಚೆಯವನು ಹರಿದು ಪಡೆದವರ ಕೈಗಿಡುತ್ತಿದ್ದ. ಕಳುಹಿಸಿದವರು ಅದರಲ್ಲಿ ಎರಡು ಸಾಲು ಬರೆಯಬಹುದಿತ್ತು. ನಮ್ಮ ಕಟ್ಟಿನಲ್ಲಿದ್ದ ಆ ಎರಡೆರಡು ಸಾಲುಗಳೆಲ್ಲ ಕನ್ನಡ ಲಿಪಿಯ ಕೊಂಕಣಿಯಲ್ಲಿದ್ದವು. ಎಲ್ಲವೂ ಮುಂಬಯಿಯಿಂದ ತಂದೆಯವರ ಅಕ್ಕ ಬರೆದವು. ಹದಿಮೂರು ವರ್ಷಗಳ ಕೂಪನುಗಳು. ಮೂವತ್ತು ರೂಪಾಯಿ, ನಲವತ್ತು ರೂಪಾಯಿ, ಒಮ್ಮೊಮ್ಮೆ ನೂರು. ‘ಗೇಣಿಗೆ’, ‘ವಕೀಲರಿಗೆ’, ‘ಸರಕಾರಕ್ಕೆ ಕಟ್ಟಲು’, ‘ಮಗುವಿನ ಜ್ವರ ಇಳಿಯಿತೇ?’. ಆ ಮಗು ನಾನು.

ಕಟ್ಟಿನ ಮೇಲ್ಗಡೆ ಒಂದು ನೀಲಿ ಇನ್‌ಲ್ಯಾಂಡ್ ಪತ್ರವಿತ್ತು. 1981ರದು. ಇನ್ನು ಮನೆಗೆಲಸಕ್ಕೆ ಮೈಯಲ್ಲಿ ಬಲವಿಲ್ಲ, ಊರಿಗೆ ಬರಬೇಕೆಂದಿದ್ದೇನೆ, ಜಾಗದಲ್ಲಿ ಪಾಲು ಬೇಡ, ಕೊಟ್ಟಿಗೆಯ ಬದಿಯಲ್ಲಿ ಒಂದು ಕೋಣೆ ಸಾಕು ಎಂಬುದು ಅದರ ಸಾರಾಂಶ. ಅತ್ತೆ ಊರಿಗೆ ಬರಲಿಲ್ಲ. ಕೋಣೆಯನ್ನೂ ಯಾರೂ ಕಟ್ಟಲಿಲ್ಲ. ಮುಂಬಯಿಯ ಒಂದು ವೃದ್ಧಾಶ್ರಮದಲ್ಲಿ ಅವರು ತೀರಿಹೋದ ಸುದ್ದಿ ನಾನು ಹೈಸ್ಕೂಲಿನಲ್ಲಿದ್ದಾಗ ಬಂದಿತ್ತು. ಅಂದು ಮನೆಯಲ್ಲಿ ಒಂದು ಜಪಸರ ಹೇಳಿದ್ದು ನೆನಪಿದೆ, ಅಷ್ಟೇ. ನಾವು ಮಕ್ಕಳು ಕೇಳಿ ಬೆಳೆದ ಕಥೆಯೇ ಬೇರೆ. ಗುಡ್ಡ ಕಡಿದು, ಮಣ್ಣು ಹೊತ್ತು, ಕೋರ್ಟು ಕಚೇರಿ ಅಲೆದು ತಂದೆಯವರೊಬ್ಬರೇ ಈ ಜಾಗವನ್ನು ಗೆದ್ದರೆಂಬುದು ನಮ್ಮ ಮನೆಯ ಪುರಾಣ.

ಅಣ್ಣ ಎಲ್ಲವನ್ನೂ ಓದಿ ಮುಗಿಸಿ, “ಬಚ್ಚಲ ಒಲೆಗೆ ಹಾಕು” ಎಂದ.

ಅವನನ್ನು ಕಟುಕನೆಂದು ತಿಳಿಯಬೇಡಿ. ಅವನ ಮಾತಿಗೆ ಕಾರಣಗಳಿದ್ದವು. ಅತ್ತೆಗೆ ಮಕ್ಕಳಿಲ್ಲ, ನ್ಯಾಯ ಕೇಳುವವರಿಲ್ಲ. ತಂದೆ ಸತ್ತಿದ್ದಾರೆ, ಉತ್ತರ ಹೇಳುವವರಿಲ್ಲ. ಕೊಡಬೇಕಾದವನೂ ಪಡೆಯಬೇಕಾದವಳೂ ಇಲ್ಲವಾದ ಮೇಲೆ ಸಾಲದ ಪತ್ರಕ್ಕೆ ಏನು ಅರ್ಥ? ತಂದೆತಾಯಿಯನ್ನು ಗೌರವಿಸೆಂಬುದು ದೇವರ ಆಜ್ಞೆ. ನಾಳೆ ಮೊಮ್ಮಕ್ಕಳು ಇದನ್ನು ಓದಿ ಅಜ್ಜನನ್ನು ಹೀಗಳೆಯಬೇಕೇ? ಧರ್ಮಸಭೆಯ ನೈತಿಕ ಬೋಧನೆಯೂ ಅವನ ಬೆಂಬಲಕ್ಕೆ ನಿಲ್ಲುವಂತಿತ್ತು. ಸುಳ್ಳು ಹೇಳಿ ಒಬ್ಬರ ಹೆಸರು ಕೆಡಿಸುವುದು ಮಾತ್ರವೇ ಪಾಪವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ತಕ್ಕ ಕಾರಣವಿಲ್ಲದೆ, ಒಬ್ಬರ ನಿಜವಾದ ದೋಷವನ್ನು ಅರಿಯದವರ ಮುಂದೆ ಬಯಲು ಮಾಡುವುದೂ ಎಂಟನೆಯ ಆಜ್ಞೆಗೆ ವಿರುದ್ಧವೆಂದು ಧರ್ಮೋಪದೇಶ ಹೇಳುತ್ತದೆ. ನಿಜವೆಂಬ ಒಂದೇ ಕಾರಣಕ್ಕೆ ಯಾವ ಮಾತೂ ನಿರ್ದೋಷಿಯಾಗುವುದಿಲ್ಲ.

ನನ್ನಲ್ಲಿ ಪ್ರತ್ಯುತ್ತರವಿರಲಿಲ್ಲ. ಆದರೂ ಕಟ್ಟನ್ನು ಒಲೆಗೆ ಹಾಕಲು ಕೈ ಏಳಲಿಲ್ಲ. ಮಂಗಳೂರಿನ ಒಂದು ಸಮುದಾಯ ಪತ್ರಾಗಾರದಲ್ಲಿ ಅನೇಕ ವರ್ಷ ದುಡಿದ ಹಿರಿಯರೊಬ್ಬರ ಪರಿಚಯ ನನಗಿತ್ತು. ಅವರಲ್ಲಿಗೆ ಒಯ್ದೆ.

ದಾಖಲೆ ಕಾಯುವವರ ಕೆಲಸವನ್ನು ನಾವು ಹೊರಗಿನವರು ಸುಲಭವಾಗಿ ತಪ್ಪು ತಿಳಿಯುತ್ತೇವೆ. ಧೂಳಿನ ಮಧ್ಯೆ ಕುಳಿತು ಹಳೆಯ ಕಾಗದಗಳನ್ನು ಓದುವವರೆಂದು ನನ್ನ ಕಲ್ಪನೆಯಾಗಿತ್ತು. ಆ ಹಿರಿಯರು ಮೊದಲ ಅರ್ಧ ಗಂಟೆ ಏನನ್ನೂ ಓದಲೇ ಇಲ್ಲ. ಕಟ್ಟು ಹೇಗಿದೆಯೋ ಹಾಗೆಯೇ ಅದರ ಒಂದು ಛಾಯಾಚಿತ್ರ ತೆಗೆದರು. ನಂತರ ತುಕ್ಕು ಹಿಡಿದ ಗುಂಡುಸೂಜಿಗಳನ್ನು ಒಂದೊಂದಾಗಿ ಬಿಡಿಸಿದರು. ಕಬ್ಬಿಣದ ತುಕ್ಕು ಕಾಗದವನ್ನು ಸುತ್ತಲಿಂದ ತಿನ್ನುತ್ತದೆ. ಹರಿದಲ್ಲಿ ಅಂಟುಪಟ್ಟಿ ಹಚ್ಚಬಾರದು, ಕೆಲವೇ ವರ್ಷಗಳಲ್ಲಿ ಅದರ ಅಂಟು ಕಂದಿ ಅಕ್ಷರಗಳನ್ನೇ ನುಂಗುತ್ತದೆ. ಪೇಟೆಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಲ್ಯಾಮಿನೇಶನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಕಾಗದಕ್ಕೆ ನೀರಿಗಿಂತ ದೊಡ್ಡ ಶತ್ರು ಗಾಳಿಯಾಡದ ತೇವ, ಆದುದರಿಂದ ಬಿಗಿಯಾಗಿ ಮುಚ್ಚಿದ ಕಪಾಟಿಗಿಂತ ಗಾಳಿ ಓಡಾಡುವ ಕಪಾಟು ಮೇಲು. ಇವನ್ನೆಲ್ಲ ಅವರು ಕೈಕೆಲಸ ಮಾಡುತ್ತಲೇ ಹೇಳಿದರು. (ನಮ್ಮ ಮನೆಯ ಕಾಗದಗಳನ್ನು ನಾನೂ ಲ್ಯಾಮಿನೇಶನ್ ಮಾಡಿಸಬೇಕೆಂದಿದ್ದೆನೆಂದು ಹೇಳಲು ನಾಚಿಕೆಯಾಯಿತು.)

ಆದರೆ ಅವರು ಎಲ್ಲಕ್ಕಿಂತ ಒತ್ತಿ ಹೇಳಿದ್ದು ಬೇರೊಂದನ್ನು. ಕಾಗದಗಳು ಬಂದ ಕ್ರಮವನ್ನು ಕದಲಿಸಬಾರದು. ಪತ್ರಾಗಾರದ ವಿದ್ಯೆಯ ಮೂಲಸೂತ್ರಗಳಲ್ಲಿ ಇದೊಂದು. ಯಾವ ಕಾಗದದ ಪಕ್ಕದಲ್ಲಿ ಯಾವ ಕಾಗದವಿತ್ತು, ಯಾರು ಅದನ್ನು ಹಾಗೆ ಇಟ್ಟರು ಎಂಬುದೂ ಸಾಕ್ಷ್ಯವೇ. “ಪತ್ರವನ್ನು ಮಾತ್ರ ಬೇರೆ ಮಾಡಿದರೆ ಅದು ಒಂದು ದೂರು. ಕೂಪನುಗಳನ್ನು ಮಾತ್ರ ಇಟ್ಟರೆ ಅದು ಬರಿಯ ಲೆಕ್ಕ. ಕೊಡುವುದಾದರೆ ಇಡಿಯಾಗಿ ಕೊಡಿ, ಇಲ್ಲವಾದರೆ ಇಡಿಯಾಗಿ ಮನೆಯಲ್ಲೇ ಇಡಿ” ಎಂದರು. ಸುಡುವ ಮಾತನ್ನು ನಾನು ಎತ್ತಿದಾಗ ಅವರು ಉಪದೇಶ ಮಾಡಲಿಲ್ಲ. ತಮ್ಮ ವೃತ್ತಿಯಲ್ಲಿಯೂ ಎಲ್ಲವನ್ನೂ ಇಡಲಾಗುವುದಿಲ್ಲ, ಬಿಡುವುದನ್ನು ಆರಿಸುವುದೇ ಕಷ್ಟದ ಕೆಲಸ ಎಂದಷ್ಟೇ ಹೇಳಿದರು.

ಕಾಯುವವನಿಗೆ ತಾನು ಕಾಯುವ ವಸ್ತುವಿನ ಮೇಲೆ ಎಷ್ಟು ಅಧಿಕಾರ? ಈ ಪ್ರಶ್ನೆಗೆ ನಮ್ಮ ನೆರೆಯ ಮೂಡುಬಿದಿರೆಯಲ್ಲಿ ನಡೆದ ಒಂದು ಸಂಗತಿಗಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ಅಲ್ಲಿನ ಗುರುಬಸದಿಯಲ್ಲಿ, ಅಂದರೆ ಸಿದ್ಧಾಂತ ಬಸದಿಯಲ್ಲಿ, ದಿಗಂಬರ ಜೈನರ ಅತ್ಯಂತ ಪೂಜ್ಯ ಸಿದ್ಧಾಂತ ಗ್ರಂಥಗಳಾದ ಧವಲ, ಜಯಧವಲ, ಮಹಾಧವಲಗಳ ತಾಳೆಗರಿಯ ಪ್ರತಿಗಳು ಶತಮಾನಗಳಿಂದ ಇವೆ. ಭಾಷೆ ಬಹುಪಾಲು ಪ್ರಾಕೃತ, ಲಿಪಿ ಹಳಗನ್ನಡದ್ದು. ಬೇರೆಲ್ಲಿಯೂ ಪ್ರಾಚೀನ ಪ್ರತಿ ಉಳಿದಿರಲಿಲ್ಲ. ಯಾತ್ರಿಕರು ದೂರದಿಂದ ದರ್ಶನ ಮಾಡಿ ಕೈಮುಗಿದು ಹೋಗಬೇಕು, ಓದುವಂತಿಲ್ಲ, ಹೊರಗೊಯ್ಯುವಂತಂತೂ ಇಲ್ಲವೇ ಇಲ್ಲ. ಗರಿಗಳು ಶಿಥಿಲವಾಗುವುದನ್ನು ಕಂಡು 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡಿಸುವ ಕಾರ್ಯ ಆರಂಭವಾಯಿತು. ಆ ಪ್ರತಿಗಳೂ ಬಸದಿಯಲ್ಲಿಯೇ ಇರಬೇಕೆಂಬುದು ಕರಾರು. ಈ ಕಾರ್ಯದಲ್ಲಿ ತೊಡಗಿದ್ದ ಪಂಡಿತ ಗಜಪತಿ ಶಾಸ್ತ್ರಿಗಳು ಹಗಲು ಬಸದಿಗಾಗಿ ಬರೆಯುತ್ತ, ಮನೆಯಲ್ಲಿ ಪತ್ನಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಕನ್ನಡ ಲಿಪಿಯಲ್ಲಿ ಸಿದ್ಧಪಡಿಸಿದರು. ಅದು ಉತ್ತರದ ಸಹಾರನ್‌ಪುರವನ್ನು ಸೇರಿತು. ಅಲ್ಲಿ ಅದನ್ನು ದೇವನಾಗರಿಗೆ ಇಳಿಸಿದವರೂ ಗುಟ್ಟಾಗಿ ತಮಗೊಂದು ಪ್ರತಿ ಮಾಡಿಕೊಂಡರು. ಹೀಗೆ ಗುಟ್ಟಿನಿಂದ ಗುಟ್ಟಿಗೆ ದಾಟಿ ಅದು ಹರಡಿತು. ಕೊನೆಗೆ 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು.

ಗಜಪತಿ ಶಾಸ್ತ್ರಿಗಳು ಮಾಡಿದ್ದು ಸರಿಯೇ? ಇಂದು ಓದುವ ನಾವು ಅವರಿಗೆ ಋಣಿಗಳು. ಆದರೆ ತಮ್ಮನ್ನು ನಂಬಿ ಒಳಗೆ ಬಿಟ್ಟವರ ನಂಬಿಕೆಯನ್ನು ಅವರು ಮುರಿದದ್ದೂ ನಿಜ. ಮುಚ್ಚಿಟ್ಟವರನ್ನು ಬೈಯುವುದು ಸುಲಭ, ಆದರೆ ಅವರ ಆ ಕಟ್ಟುನಿಟ್ಟೇ ಇರದಿದ್ದರೆ ಪ್ರತಿ ಮಾಡಲು ಗರಿಗಳೇ ಉಳಿಯುತ್ತಿರಲಿಲ್ಲವೇನೋ. ಈ ಕಥೆಯ ಉತ್ತರಾರ್ಧವನ್ನು ಹೇಳುವವರು ಕಡಿಮೆ. ಕೈಯಿಂದ ಕೈಗೆ ದಾಟಿದ ಆ ಪ್ರತಿಗಳಲ್ಲಿ ತಪ್ಪುಗಳು, ಬಿಟ್ಟುಹೋದ ಭಾಗಗಳು ಬಹಳವಿದ್ದವು. ಅಚ್ಚಾದ ಸಂಪುಟವನ್ನು ಕಂಡ ಮೇಲೆ ಮೂಡುಬಿದಿರೆಯವರು ಮನಸ್ಸು ಮಾಡಿ ಮೂಲ ಗರಿಗಳೊಡನೆ ಪಾಠವನ್ನು ತಾಳೆ ನೋಡಲು ಅನುಮತಿಯಿತ್ತರು, ಮುಂದಿನ ಸಂಪುಟಗಳು ಶುದ್ಧವಾದವು. ಕದ್ದು ಹೊರಟ ಪ್ರತಿಗೆ ಕಾದಿಟ್ಟ ಮೂಲವೇ ಬೇಕಾಯಿತು. ನಾನಾದರೋ ಶಾಸ್ತ್ರಿಗಳನ್ನು ಖಂಡಿಸಲಾರೆ, ಹಾಗೆಂದು ಅವರ ಮಾರ್ಗವನ್ನು ಮಕ್ಕಳಿಗೆ ಆದರ್ಶವೆಂದು ತೋರಿಸಲೂ ಆರೆ.

ನಮ್ಮ ಧರ್ಮಕೇಂದ್ರಗಳ ಪುಸ್ತಕಗಳತ್ತ ಬರೋಣ. ಮದುವೆ ಮತ್ತು ಜ್ಞಾನಸ್ನಾನಗಳನ್ನು ಧರ್ಮಗುರುಗಳು ಪುಸ್ತಕದಲ್ಲಿ ದಾಖಲಿಸಬೇಕೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ವಿಧಿಸಿತು, 1614ರ ರೋಮನ್ ವಿಧಿಗ್ರಂಥದ ನಂತರ ಮರಣದ ಪುಸ್ತಕವೂ ಸೇರಿತು. ಅರಸರ ಇತಿಹಾಸದಲ್ಲಿ ಎಂದೂ ಹೆಸರು ಬರದ ಒಕ್ಕಲಿನವನೂ ಅವನ ಕೂಸೂ ಹೀಗೆ ಶಾಯಿಯಲ್ಲಿ ಉಳಿದರು. ಈ ಪುಸ್ತಕಗಳಿಲ್ಲದಿದ್ದರೆ ಏನಾಗುತ್ತದೆಂಬುದು ಕೆನರಾದ ಕ್ರೈಸ್ತರಿಗೆ ತಿಳಿಯದ್ದಲ್ಲ. 1784ರಲ್ಲಿ ನಮ್ಮ ಹಿರಿಯರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಾಗ ಇಗರ್ಜಿಗಳೂ ನೆಲಸಮವಾದವು. 1799ರಲ್ಲಿ ಅಳಿದುಳಿದವರು ಮರಳಿದರು. ಹೋದವರೆಷ್ಟು, ಮರಳಿದವರೆಷ್ಟು ಎಂಬುದಕ್ಕೆ ಒಬ್ಬೊಬ್ಬ ಲೇಖಕರು ಒಂದೊಂದು ಸಂಖ್ಯೆ ಕೊಡುತ್ತಾರೆ. ಸಂಖ್ಯೆಗಳ ಬಗ್ಗೆ ಇಂದಿಗೂ ವಾದ ನಡೆಯುತ್ತದೆ, ಹೆಸರುಗಳ ಬಗ್ಗೆ ವಾದಿಸಲು ಹೆಸರುಗಳೇ ಇಲ್ಲ.

ಹಾಗೆಂದು ಪುಸ್ತಕವು ಯಾವಾಗಲೂ ದಯೆಯ ಪಕ್ಷದಲ್ಲಿಯೇ ಇರುತ್ತದೆಂದು ಭಾವಿಸಬೇಕಾಗಿಲ್ಲ. ಬಾಬಿಲೋನಿನಿಂದ ಮರಳಿದ ಕೆಲವು ಯಾಜಕ ಮನೆತನಗಳು ವಂಶಾವಳಿಯ ಪಟ್ಟಿಯಲ್ಲಿ ತಮ್ಮ ಹೆಸರು ಸಿಗದ ಕಾರಣ ಯಾಜಕತ್ವದಿಂದ ಹೊರಗಾದುದನ್ನು ಎಜ್ರನ ಗ್ರಂಥ ಹೇಳುತ್ತದೆ. ಇತ್ತ ಸಂತ ಮತ್ತಾಯರು ಪ್ರಭುವಿನ ವಂಶಾವಳಿಯನ್ನು ಬರೆಯುವಾಗ ತಾಮಾರಳನ್ನು, ರಾಹಾಬಳನ್ನು ಬಿಡಲಿಲ್ಲ. ಬತ್ಷೆಬಳನ್ನಂತೂ ಅವಳ ಹೆಸರಿನಿಂದಲ್ಲ, ಊರೀಯನ ಹೆಂಡತಿಯೆಂದೇ ಕರೆದರು. ದಾವೀದನ ಪಾಪ ಮರೆಯಬಾರದೆಂಬಂತೆ. ಒಂದೇ ಬಗೆಯ ಪಟ್ಟಿ ಒಂದೆಡೆ ಜನರನ್ನು ಹೊರಗಿಡಲು, ಇನ್ನೊಂದೆಡೆ ಒಳಗೆ ತರಲು ಬಳಕೆಯಾಯಿತು.

ಸಿದ್ಧಕಟ್ಟೆಯ ನಮ್ಮ ಇಗರ್ಜಿ ಸಂತ ಪ್ಯಾಟ್ರಿಕರ ಹೆಸರಿನದು. ಅದೇ ಸಂತರ ನಾಡಾದ ಐರ್ಲೆಂಡಿನಲ್ಲಿ ಕಳೆದ ದಶಕದಲ್ಲಿ ನಡೆದುದನ್ನು ಓದಿದಾಗ ಆ ಕಾರಣಕ್ಕೋ ಏನೋ ನನಗೆ ದೂರದ ಸುದ್ದಿಯೆನಿಸಲಿಲ್ಲ. ತುವಾಮ್ ಎಂಬ ಪಟ್ಟಣದಲ್ಲಿ 1925ರಿಂದ 1961ರವರೆಗೆ ಅವಿವಾಹಿತ ತಾಯಂದಿರು ಮತ್ತು ಅವರ ಮಕ್ಕಳಿಗಾಗಿ ಒಂದು ಗೃಹವಿತ್ತು, ನಡೆಸುತ್ತಿದ್ದವರು ಧರ್ಮಭಗಿನಿಯರು. ಕ್ಯಾಥರಿನ್ ಕಾರ್ಲೆಸ್ ಎಂಬ ಊರಿನ ಗೃಹಿಣಿ, ಸ್ಥಳೀಯ ಇತಿಹಾಸದಲ್ಲಿ ಆಸಕ್ತೆ, ಅಲ್ಲಿ ತೀರಿಹೋದ ಮಕ್ಕಳ ಮರಣಪತ್ರಗಳನ್ನು ತನ್ನ ಕೈಯಿಂದ ಹಣ ತೆತ್ತು ಕಲೆಹಾಕಿದಳು. 796 ಹೆಸರುಗಳಾದವು. ಹೆಚ್ಚುಕಡಿಮೆ ಯಾವ ಮಗುವಿಗೂ ಸಮಾಧಿಯ ದಾಖಲೆಯಿರಲಿಲ್ಲ. 2014ರಲ್ಲಿ ವಿಷಯ ಜಗತ್ತಿಗೆ ತಿಳಿಯಿತು. 2021ರಲ್ಲಿ ಸರಕಾರವೂ ಆ ಭಗಿನಿಯರ ಸಭೆಯೂ ಕ್ಷಮೆ ಕೇಳಿದವು, 2025ರಲ್ಲಿ ಆ ನೆಲದ ಉತ್ಖನನ ಆರಂಭವಾಯಿತು. ಅಲ್ಲಿಯೂ ನನ್ನ ಅಣ್ಣ ಕೇಳಿದ ಪ್ರಶ್ನೆಯನ್ನೇ ಕೇಳಿದವರಿದ್ದರು: ಸತ್ತುಹೋದ ಕೂಸುಗಳ ಲೆಕ್ಕ ಈಗ ಯಾರಿಗೆ ಬೇಕು? ಆದರೆ ಒಂದೊಂದು ಹೆಸರು ಪ್ರಕಟವಾದಂತೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಮುಂದೆ ಬಂದರು. ಕೇಳುವವರಿಲ್ಲ ಎಂದು ನಾವು ತೀರ್ಮಾನಿಸುವುದು ಎಷ್ಟೋ ಸಲ ಅವರಿಗೆ ಕೇಳಲು ಏನಿದೆಯೆಂದು ತಿಳಿಸದೆ ಇರುವುದರಿಂದ.

ಅದೇ ದೇಶ 2022ರಲ್ಲಿ ದತ್ತು ಹೋದವರಿಗೆ ತಮ್ಮ ಜನನದ ದಾಖಲೆ ನೋಡುವ ಹಕ್ಕನ್ನು ಕಾನೂನಿನಿಂದ ಕೊಟ್ಟಿತು. ಗುಟ್ಟು ಉಳಿಯುವುದೆಂದು ನಂಬಿದ್ದ ಮುದಿ ತಾಯಿ ಒಂದೆಡೆ, ತಾನು ಯಾರೆಂದು ತಿಳಿಯದ ಮಗು ಇನ್ನೊಂದೆಡೆ. ಇಬ್ಬರನ್ನೂ ಪೂರ್ಣವಾಗಿ ತೃಪ್ತಿಪಡಿಸುವ ಕಾನೂನು ಇರಲಾರದು. ತಾಯಿ ಸಂಪರ್ಕ ಬೇಡವೆಂದು ತಿಳಿಸಿದ್ದರೆ ಮೊದಲು ಆ ಮಾತನ್ನು ಮಗುವಿಗೆ ಮನವರಿಕೆ ಮಾಡಿಕೊಟ್ಟು ನಂತರ ಕಾಗದ ಕೊಡುವ ವ್ಯವಸ್ಥೆ ಮಾಡಿದ್ದಾರೆ.

ಧರ್ಮಸಭೆಯ ಕಾನೂನುಸಂಹಿತೆಯಲ್ಲಿಯೂ ಈ ಇಕ್ಕಟ್ಟಿನ ಗುರುತುಗಳಿವೆ. ಪ್ರತಿ ಧರ್ಮಕೇಂದ್ರಕ್ಕೂ ಪತ್ರಾಗಾರವಿರಬೇಕು, ಹಳೆಯ ಪುಸ್ತಕಗಳನ್ನು ಜೋಪಾನ ಮಾಡಬೇಕು ಎಂದು 1983ರ ಸಂಹಿತೆಯ 535ನೆಯ ವಿಧಿ ಹೇಳುತ್ತದೆ. ಧರ್ಮಪ್ರಾಂತ್ಯಕ್ಕೆ ಒಂದು ಗುಪ್ತ ಪತ್ರಾಗಾರವೂ ಇರಬೇಕೆಂಬುದು 489ನೆಯ ವಿಧಿ. ನಡತೆಗೆ ಸಂಬಂಧಿಸಿದ ಅಪರಾಧ ಪ್ರಕರಣಗಳಲ್ಲಿ ಆಪಾದಿತ ಸತ್ತ ಮೇಲೆ, ಅಥವಾ ತೀರ್ಪಾಗಿ ಹತ್ತು ವರ್ಷ ಕಳೆದ ಮೇಲೆ, ಕಾಗದಗಳನ್ನು ನಾಶಪಡಿಸಬೇಕೆಂದು ಅದು ವಿಧಿಸುತ್ತದೆ. ಆದರೆ ಸಂಗತಿಯ ಸಂಕ್ಷಿಪ್ತ ವಿವರವನ್ನೂ ತೀರ್ಪಿನ ಪಾಠವನ್ನೂ ಉಳಿಸಿಕೊಳ್ಳಬೇಕು. ಮರೆವೆಗೂ ಜಾಗ ಕೊಟ್ಟು, ಮರೆತದ್ದೇನೆಂಬ ನೆನಪಿಗೂ ಜಾಗ ಕೊಡುವ ಯತ್ನವಿದು. ಯತ್ನ ಯಾವಾಗಲೂ ಫಲಿಸಲಿಲ್ಲ. ಮಕ್ಕಳ ಮೇಲಿನ ದೌರ್ಜನ್ಯವನ್ನು ಕುರಿತು 2019ರ ಫೆಬ್ರವರಿಯಲ್ಲಿ ವಾಟಿಕನ್ನಿನಲ್ಲಿ ನಡೆದ ಸಭೆಯಲ್ಲಿ ಜರ್ಮನಿಯ ಕಾರ್ಡಿನಲ್ ಮಾರ್ಕ್ಸ್ ಅವರು, ತಪ್ಪಿತಸ್ಥರನ್ನು ತೋರಿಸಬಹುದಾಗಿದ್ದ ಕಡತಗಳು ನಾಶವಾಗಿದ್ದವು ಅಥವಾ ತಯಾರಾಗಿಯೇ ಇರಲಿಲ್ಲವೆಂದು ಒಪ್ಪಿಕೊಂಡರು. ನಮ್ಮ ಪತ್ರಿಕೆಗಳಲ್ಲಿ ಇಂಥ ಮಾತನ್ನು ಬರೆಯುವುದು ಹಿತವೆನಿಸುವುದಿಲ್ಲ. ಆದರೆ ಮನೆಯ ಒಲೆಯ ಮುಂದೆ ನಿಂತು ಯೋಚಿಸುವವನಿಗೆ ಇದು ಸಂಬಂಧವಿಲ್ಲದ ಮಾತಲ್ಲ.

ಮೌನ ಬೇರೆ, ಬೂದಿ ಬೇರೆ. ಇಷ್ಟು ನನಗೆ ನಿಧಾನವಾಗಿ ತಿಳಿಯಿತು. ಎಂಟನೆಯ ಆಜ್ಞೆ ನನ್ನಿಂದ ಮೌನವನ್ನು ಬಯಸಬಹುದು. ಊರಿನವರ ಮುಂದೆ, ಮೊಮ್ಮಕ್ಕಳ ಮುಂದೆ ತಂದೆಯ ದೋಷವನ್ನು ಹರಡಲು ನನಗೆ ಯಾವ ತಕ್ಕ ಕಾರಣವೂ ಇಲ್ಲ. (ಹೆಸರು ಹೇಳದೆ ಇದನ್ನು ಬರೆಯಲು ಅಣ್ಣನನ್ನು ಕೇಳಿಯೇ ಬರೆದಿದ್ದೇನೆ.) ಆದರೆ ಅತ್ತೆಯ ಹದಿಮೂರು ವರ್ಷಗಳನ್ನು ಇಲ್ಲವೆನಿಸುವ ಅಧಿಕಾರವನ್ನು ಆ ಆಜ್ಞೆ ನನಗೆ ಕೊಡುವುದಿಲ್ಲ. ಮೌನವನ್ನು ಮುಂದೊಂದು ದಿನ ಯಾರಾದರೂ ಮುರಿಯಬಹುದು, ಬೂದಿಯನ್ನು ಓದಲು ಯಾರಿಗೂ ಆಗದು. ದಾಖಲೆ ಕಾಯುವವರು ಇವೆರಡರ ನಡುವಿನ ಜಾಗದಲ್ಲಿಯೇ ಬದುಕುತ್ತಾರೆ. ಇಷ್ಟು ವರ್ಷ ತೆರೆಯಬಾರದು ಎಂಬ ಷರತ್ತಿನೊಡನೆ ಅವರು ಕಾಗದ ಸ್ವೀಕರಿಸುತ್ತಾರೆ. ಬ್ರಿಟನ್ನಿನಲ್ಲಿ ಜನಗಣತಿಯ ಹಾಳೆಗಳನ್ನು ನೂರು ವರ್ಷ ಮುಚ್ಚಿಡುತ್ತಾರೆ, 1921ರವು 2022ರಲ್ಲಿ ತೆರೆದವು. ಯೆರೆಮೀಯನು ಮುತ್ತಿಗೆಗೊಳಗಾದ ಜೆರುಸಲೇಮಿನಲ್ಲಿ ಅನಾತೋತಿನ ಹೊಲವನ್ನು ಕೊಂಡಾಗ ಕ್ರಯಪತ್ರದ ಎರಡು ಪ್ರತಿ ಮಾಡಿಸಿ, ಮುದ್ರೆ ಹಾಕಿದ್ದನ್ನೂ ತೆರೆದಿದ್ದನ್ನೂ ಒಂದೇ ಮಡಕೆಯಲ್ಲಿ ಇರಿಸಿದನಲ್ಲವೇ?

ಎರಡನೆಯ ಸಲ ಪತ್ರಾಗಾರಕ್ಕೆ ಹೋದಾಗ ಆ ಹಿರಿಯರು ಛಾಯಾಚಿತ್ರವನ್ನು ಮುಂದಿಟ್ಟು, “ಈ ಕಟ್ಟನ್ನು ಕಟ್ಟಿದವರು ಯಾರು?” ಎಂದು ಕೇಳಿದರು. ಅದುವರೆಗೆ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಗಂಟು ತಂದೆಯವರದು, ವೀಳ್ಯದೆಲೆಯ ಕಟ್ಟಿಗೆ ಅವರು ಹಾಕುತ್ತಿದ್ದ ಗಂಟು. ಕೂಪನುಗಳು ದಿನಾಂಕದ ಕ್ರಮದಲ್ಲಿ ಒಂದೂ ತಪ್ಪದಂತೆ ಇದ್ದವು. ಪತ್ರವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದರು. ನಲವತ್ತು ಮಳೆಗಾಲಗಳಲ್ಲಿ ಯಾವ ಸಂಜೆಯಾದರೂ ಬಚ್ಚಲ ಒಲೆಗೆ ಹಾಕಬಹುದಿತ್ತು. ಹಾಕಲಿಲ್ಲ. ಅದು ಪಶ್ಚಾತ್ತಾಪವೋ, ಸಾಲದ ಲೆಕ್ಕ ಇಟ್ಟುಕೊಳ್ಳುವ ಒಕ್ಕಲಿಗನ ಅಭ್ಯಾಸವೋ, ಸುಮ್ಮನೆ ಮರೆವೋ, ನಾನು ಹೇಳಲಾರೆ. ಹೇಳಬೇಕಾದವರು ಏನನ್ನೂ ಬರೆದಿಡಲಿಲ್ಲ, ಇಟ್ಟದ್ದು ಈ ಕಟ್ಟನ್ನು ಮಾತ್ರ. ಅದನ್ನು ಸುಟ್ಟರೆ ಅತ್ತೆಯ ಮಾತಿನ ಜೊತೆಗೆ ತಂದೆಯ ಮಾತೂ ಸುಟ್ಟುಹೋಗುತ್ತದೆಂದು ಅಣ್ಣನಿಗೆ ಹೇಳಿದೆ. ಅವನು ಉತ್ತರಿಸಲಿಲ್ಲ, ಒಲೆಯ ಮಾತನ್ನೂ ಮತ್ತೆ ಎತ್ತಲಿಲ್ಲ.

ಕಟ್ಟು ಈಗಲೂ ನನ್ನಲ್ಲಿಯೇ ಇದೆ. ಬಾಳೆನಾರು ಪುಡಿಯಾದುದರಿಂದ ಹತ್ತಿಯ ನಾಡ ಕಟ್ಟಿದ್ದೇನೆ. ಪತ್ರಾಗಾರಕ್ಕೆ ಕೊಡುವ ವಿಷಯ ತೀರ್ಮಾನವಾಗಿಲ್ಲ, ಅಣ್ಣನ ಒಪ್ಪಿಗೆಯಿಲ್ಲದೆ ಕೊಡುವಂತಿಲ್ಲ.

ಕಳೆದ ನವೆಂಬರಿನಲ್ಲಿ, ಸಕಲ ಮೃತರ ಸ್ಮರಣೆಯ ದಿನಕ್ಕೆ ಇಗರ್ಜಿಗೆ ಕೊಡುವ ಹೆಸರುಗಳ ಪಟ್ಟಿಯನ್ನು ಎಂದಿನಂತೆ ಅಣ್ಣನೇ ಬರೆಯುತ್ತಿದ್ದ. ಅಜ್ಜ, ಅಜ್ಜಿ, ತಂದೆ, ತಾಯಿ. ಆಮೇಲೆ ಪೆನ್ನು ನಿಲ್ಲಿಸಿ, “ಬಾಯಿಯ ಹೆಸರೇನು?” ಎಂದು ಕೇಳಿದ. ಮನೆಯಲ್ಲಿ ಎಲ್ಲರಿಗೂ ಅವರು ‘ಬಾಯಿ’ಯೇ ಆಗಿದ್ದರು. ಕೂಪನುಗಳಲ್ಲಿಯೂ ‘ನಿನ್ನ ಬಾಯಿ’ ಎಂದಷ್ಟೇ ಇತ್ತು. ನಮ್ಮಿಬ್ಬರಿಗೂ ತಿಳಿದಿರಲಿಲ್ಲ, ಕೇಳಲು ಹಿರಿಯರು ಯಾರೂ ಉಳಿದಿರಲಿಲ್ಲ. ಮರುದಿನ ಹಿರಿಯರ ಮೂಲ ಧರ್ಮಕೇಂದ್ರಕ್ಕೆ ಹೋಗಿ ಧರ್ಮಗುರುಗಳನ್ನು ವಿನಂತಿಸಿದೆವು. ಅವರು ಕಪಾಟಿನಿಂದ ಹಳೆಯ ಜ್ಞಾನಸ್ನಾನದ ಪುಸ್ತಕವನ್ನು ತೆಗೆದು, ಅಜ್ಜನ ಹೆಸರನ್ನು ಕೇಳಿ, ವರ್ಷವನ್ನು ಅಂದಾಜು ಮಾಡಿ, ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಅಂಚುಗಳಲ್ಲಿ ಹುಳ ತಿಂದಿತ್ತು, ಅಕ್ಷರಗಳು ಉಳಿದಿದ್ದವು. ನಾಲ್ಕನೆಯ ಸಾಲಿನಲ್ಲಿ ಅವರ ಬೆರಳು ನಿಂತಿತು. ಅಣ್ಣ ಕನ್ನಡಕ ಸರಿಪಡಿಸಿಕೊಂಡು, ನಾವು ಯಾರೂ ಎಂದೂ ಕರೆಯದ ಆ ಹೆಸರನ್ನು ಒಂದೊಂದೇ ಅಕ್ಷರವಾಗಿ ಚೀಟಿಗೆ ಇಳಿಸಿಕೊಂಡ.